ಕೂಗಿ ಕೇಳುವ ಅಂದಾನಿ

ಕ್ರೋಂಪೇಟೆಯ ಅಂದಾನಿ ಲೋಕಲ್ ರೈಲು ಓಡಿಸುವ ಮೋಟರ್‌ಮನ್. ಗದಗದ ಕಡೆಯವನು; ಕೆಲಸ ಸಿಕ್ಕಿ ಚೆನ್ನೈಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಈಗ ತಮಿಳು ಸಲೀಸಾಗಿ ಬರುತ್ತದೆ, ರೊಟ್ಟಿ ಇಲ್ಲದ ದಿನವೂ ಊಟ ಇಳಿಯುತ್ತದೆ. ಆದರೆ ಏನನ್ನು ಕಂಡರೂ ಬಾಯಿಬಿಟ್ಟು ಹೇಳುವ ಚಟ ಮಾತ್ರ ಹೋಗಿಲ್ಲ. ಗ್ಯಾಸ್ ಆರಿಸಿದರೂ "ಗ್ಯಾಸ್ ಬಂದ್" ಎಂದು ಇಡೀ ಮನೆಗೆ ಕೇಳುವಂತೆ ಸಾರುತ್ತಾನೆ.

ಇದು ಜಯರಾಮ ಕಲಿಸಿದ ಪಾಠ. ಅಂದಾನಿ ಗೂಡ್ಸ್ ಗಾಡಿಯಲ್ಲಿ ಸಹಾಯಕನಾಗಿದ್ದಾಗ ಅವರು ಮುಖ್ಯ ಚಾಲಕರು. ಸಿಗ್ನಲ್ ಕಂಡೊಡನೆ ಒಬ್ಬ ಅದರ ಬಣ್ಣ ಕೂಗಬೇಕು, ಇನ್ನೊಬ್ಬ ತಾನೂ ನೋಡಿ ತಿರುಗಿ ಕೂಗಬೇಕು. ಅವಸರದಲ್ಲಿರುವವನ ಕಣ್ಣು ತನಗೆ ಬೇಕಾದ ಬಣ್ಣವನ್ನೇ ಕಾಣುತ್ತದೆ, ಅದಕ್ಕೇ ಪಕ್ಕದಲ್ಲೊಬ್ಬ ಇರುವುದು ಎನ್ನುತ್ತಿದ್ದರು ಜಯರಾಮ.

ಅಂದಾನಿಗೆ ಒಬ್ಬಳೇ ಮಗಳು, ಭಾವನಾ. ಎಂಟನೇ ವಯಸ್ಸಿಗೇ ಅವಳಿಗೆ ದೂರದ್ದು ಮಸುಕಾಗಿ ಕನ್ನಡಕ ಬಂತು. ಆರು ತಿಂಗಳಿಗೊಮ್ಮೆ ನಂಬರ್ ಏರತೊಡಗಿತು. ಕಣ್ಣಿನ ಬಲದಿಂದಲೇ ಅನ್ನ ಸಂಪಾದಿಸುವ ಅಂದಾನಿ ಮಗಳನ್ನು ಕರೆದುಕೊಂಡು ಆಸ್ಪತ್ರೆಗಳನ್ನು ಸುತ್ತಿದ. ಆಗ ಮೈಲಾಪೂರಿನ ಡಾಕ್ಟರಮ್ಮ ಒಂದು ದಾರಿ ಹೇಳಿದರು: ರಾತ್ರಿ ಮಲಗುವಾಗ ಹಾಕಿಕೊಳ್ಳುವ ಗಟ್ಟಿ ಲೆನ್ಸ್. ನಿದ್ದೆ ಮಾಡುವಾಗ ಅದು ಕರಿಗುಡ್ಡೆಯ ಮೇಲ್ಮೈಯನ್ನು ಮೆಲ್ಲಗೆ ತಿದ್ದುತ್ತದೆ. ಬೆಳಿಗ್ಗೆ ತೆಗೆದಿಟ್ಟರೆ ದಿನವಿಡೀ ಕನ್ನಡಕ ಬೇಡ, ನಂಬರ್ ಏರುವುದೂ ನಿಧಾನವಾಗಬಹುದು. ತೆಗೆಯಲು ತುದಿಯಲ್ಲಿ ಬಟ್ಟಲಿರುವ ಪುಟ್ಟ ರಬ್ಬರ್ ಕಡ್ಡಿ ಕೊಟ್ಟರು. ಅದು ಲೆನ್ಸಿಗೆ ಅಂಟಿಕೊಂಡು ಎಳೆಯುತ್ತದೆ. ಲೆನ್ಸ್ ಕಣ್ಣಲ್ಲಿದೆಯೋ ಇಲ್ಲವೋ ನೋಡದೆ ಕಡ್ಡಿ ಇಡಲೇಬೇಡಿ, ಬರಿಗಣ್ಣಿಗೆ ಅಂಟಿದರೆ ಗಾಯವಾಗುತ್ತದೆ ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದರು.

ಅಂದಾನಿಯ ಹೆಂಡತಿ ಸುಮತಿಗೆ ವಿಮೆ ಕಚೇರಿಯಲ್ಲಿ ಕೆಲಸ. ನೂರು ಜನರನ್ನು ನಿಭಾಯಿಸುವ ಅವಳಿಗೆ ಮಗಳ ಕಣ್ಣಿಗೆ ಬೆರಳಿಡಲು ಮಾತ್ರ ಧೈರ್ಯ ಸಾಲುತ್ತಿರಲಿಲ್ಲ. ಹಾಗಾಗಿ ಆ ಕೆಲಸ ಅಂದಾನಿಯ ಪಾಲಿಗೆ ಬಂತು. ಅವನಿಗೆ ಬರುವ ರಾತ್ರಿ ಪಾಳಿಗಳನ್ನು ಜೊತೆಯ ಮೋಟರ್‌ಮನ್ ವಿಘ್ನೇಶ್ ತಾನಾಗಿ ತೆಗೆದುಕೊಂಡ. ಆ ಋಣವನ್ನು ಅಂದಾನಿ ಇಂದಿಗೂ ನೆನೆಯುತ್ತಾನೆ.

ಮೊದಲ ದಿನವೇ ಮಗಳನ್ನು ಕನ್ನಡಿಯ ಮುಂದೆ ಕೂರಿಸಿ ಹೇಳಿದ: "ನೋಡವ್ವಾ, ನೀ ನನ್ನ ಅಸಿಸ್ಟೆಂಟ್. ನಾ ಕೂಗತೀನಿ, ನೀ ಕನ್ನಡ್ಯಾಗ ನೋಡಿ ತಿರುಗಿ ಕೂಗು. ನಾ ಕೂಗಲಿಲ್ಲಂದ್ರ ಕಣ್ಣ ತೆಗೀಬ್ಯಾಡ. ಬೈದ್ರೂ ತೆಗೀಬ್ಯಾಡ."

ಅಂದಿನಿಂದ ಕಣ್ಣಿಗೆ ಹನಿ ಹಾಕಿ, ರೆಪ್ಪೆ ಬಡಿಸಿ, "ಬಲಗಣ್ಣು?" ಎಂದು ಅವನು ಕೂಗುವುದು, ಲೆನ್ಸಿನ ಅಂಚು ಅಲುಗುವುದನ್ನು ಕನ್ನಡಿಯಲ್ಲಿ ಕಂಡು "ಇರುಕ್ಕುಪ್ಪಾ", ಇದೆಯಪ್ಪಾ, ಎಂದು ಅವಳು ತಮಿಳಿನಲ್ಲೇ ಉತ್ತರಿಸುವುದು ರೂಢಿಯಾಯಿತು. "ಅಪ್ಪ ಮಗಳು ಕೂಡಿ ಮನೀನ ಸ್ಟೇಷನ್ ಮಾಡೀರಿ" ಎಂದು ಸುಮತಿ ನಗುತ್ತಿದ್ದಳು. ವರ್ಷ ಕಳೆದರೂ ನಂಬರ್ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಭಾವನಾ ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡು ಓದುತ್ತಿದ್ದಳು.

ಒಂದು ಸೋಮವಾರ ಅಂದಾನಿಗೆ ಎಚ್ಚರವಾಗುವುದು ತಡವಾಯಿತು. ಅರ್ಧ ಗಂಟೆಯಲ್ಲಿ ತಾಂಬರಂನಲ್ಲಿ ಡ್ಯೂಟಿಗೆ ಸಹಿ ಮಾಡಬೇಕು. ಮಗಳನ್ನು ಎಬ್ಬಿಸಿ, ಕೈ ತೊಳೆದು, ಬಲಗಣ್ಣಿನದನ್ನು ಕೂಗಿ ತೆಗೆದ. ಗಡಿಯಾರ ನೋಡಿದ. ಎಡಗಣ್ಣಿಗೆ ಕೂಗದೆಯೇ ಕಡ್ಡಿ ಹಿಡಿದು ಬಗ್ಗಿದ.

ಭಾವನಾ ಕಣ್ಣು ಮುಚ್ಚಿ ಅಂಗೈ ಅಡ್ಡ ಇಟ್ಟಳು. "ನೀ ಕೇಕ್ಕವೇ ಇಲ್ಲಪ್ಪಾ!" ನೀನು ಕೇಳಲೇ ಇಲ್ಲ ಎಂಬುದು ಅವಳ ತಕರಾರು.

"ಹೊತ್ತಾಗೇತಿ, ಕಣ್ಣ ತೆಗಿ!" ಅಂದಾನಿ ಗದರಿದ. ಅವಳ ಕೈ ಇಳಿಯಲಿಲ್ಲ.

ಹಲ್ಲು ಕಡಿಯುತ್ತ ಅವನು ಕೂಗಿದ: "ಎಡಗಣ್ಣು?"

ಭಾವನಾ ಕೈ ತೆಗೆದು ಕನ್ನಡಿಗೆ ಹತ್ತಿರವಾದಳು. ಕಣ್ಣನ್ನು ಆಚೀಚೆ ಹೊರಳಿಸಿದಳು. "ಇಲ್ಲೆಪ್ಪಾ," ಎಂದಳು.

ಅಂದಾನಿ ಟಾರ್ಚ್ ಹಾಕಿ ನೋಡಿದ. ಲೆನ್ಸ್ ಇರಲಿಲ್ಲ. ಅದು ಯಾವಾಗಲೋ ಜಾರಿ ದಿಂಬಿನ ಮಡಿಕೆಯಲ್ಲಿ ಬಿದ್ದಿತ್ತು. ತಾನು ರಬ್ಬರ್ ಕಡ್ಡಿಯನ್ನು ಮಗಳ ಬರಿಗಣ್ಣಿಗೆ ಒತ್ತಲು ಹೋಗಿದ್ದೆ ಎಂಬುದು ಆಗ ಅವನ ತಲೆಗೆ ಹೊಕ್ಕಿತು. ನೆಲಕ್ಕೆ ಕೂತು ಮಗಳಿಗೆ ಎರಡೂ ಕೈ ಜೋಡಿಸಿದ. ಸುಮತಿ ಓಡಿಬಂದು, "ಯಾಕ್ರೀ, ಏನಾತು?" ಎಂದು ಕೇಳಿದಳು. ಭಾವನಾ ಗಾಬರಿಯಾಗಿ ಅಪ್ಪನ ಕುತ್ತಿಗೆ ತಬ್ಬಿಕೊಂಡಳು.

ಅಂದು ಅಂದಾನಿ ಡ್ಯೂಟಿಗೆ ಹನ್ನೆರಡು ನಿಮಿಷ ತಡವಾಗಿ ಹೋದ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಪಾಳಿ ಹಂಚುವ ಪ್ರವೀಣ್ ಮುಂದೆ ಏನನ್ನೂ ಮುಚ್ಚಿಡದೆ ಹೇಳಿ, ಮನಸ್ಸು ಇನ್ನೂ ಹತೋಟಿಗೆ ಬಂದಿಲ್ಲ, ಈ ಗಾಡಿ ಬೇರೆಯವರಿಗೆ ಕೊಡಿ ಎಂದ. ಪ್ರವೀಣ್ ಚಹಾ ತರಿಸಿ, ಒಂದು ಗಂಟೆ ಬಿಟ್ಟು ಹೊರಡುವ ಗಾಡಿ ಕೊಟ್ಟ. ಆ ಬಿಡುವಿನಲ್ಲಿ ಅಂದಾನಿ ನಿವೃತ್ತರಾಗಿದ್ದ ಜಯರಾಮರಿಗೆ ಫೋನ್ ಮಾಡಿ, ನಿಮ್ಮ ಪಾಠ ನನ್ನ ಮಗಳ ಕಣ್ಣು ಉಳಿಸಿತು ಸಾರ್ ಎಂದು ನಮಸ್ಕಾರ ಹೇಳಿದ.

"ಪಾಠ ಮರೆತವನು ನೀನು, ನೆನಪಿಟ್ಟವಳು ಅವಳು. ನಮಸ್ಕಾರ ಅವಳಿಗೇ ಹೇಳು," ಎಂದು ಮುದುಕರು ತಮಿಳಿನಲ್ಲಿ ಗದರಿ ಫೋನಿಟ್ಟರು.

ಹತ್ತು ವರ್ಷದ ಹುಡುಗಿ ತಾನೇ ಲೆನ್ಸ್ ತೆಗೆಯಲು ಕಲಿಯಬಹುದು ಎಂದು ಡಾಕ್ಟರಮ್ಮ ಎಂದೋ ಹೇಳಿದ್ದರು. ಆ ಕೆಲಸ ಬಿಟ್ಟುಕೊಡಲು ಅಂದಾನಿಗೇ ಮನಸ್ಸಿರಲಿಲ್ಲ. ಮರುದಿನ ಬೆಳಿಗ್ಗೆ ಅವನು ಕಡ್ಡಿಯನ್ನು ಮಗಳ ಕೈಗೆ ಕೊಟ್ಟು, ಅವಳ ಪಕ್ಕದಲ್ಲಿ ಕೂತ.

"ಇನ್ನ ಗಾಡಿ ನಿಂದವ್ವಾ. ನೀ ಕೂಗು."

ಭಾವನಾ ಗಂಟಲು ಸರಿಮಾಡಿಕೊಂಡು, ಥೇಟ್ ಅಪ್ಪನ ದನಿಯಲ್ಲೇ, ಕನ್ನಡದಲ್ಲೇ ಕೂಗಿದಳು: "ಬಲಗಣ್ಣು?"

ಅಂದಾನಿ ಬಗ್ಗಿ, ಸಾವಕಾಶವಾಗಿ ನೋಡಿ, ದೊಡ್ಡವರಿಗೆ ಹೇಳುವ ಹಾಗೆ ಹೇಳಿದ: "ಐತ್ರೀ."

ಭಾವನಾ ಲೆನ್ಸ್ ತೆಗೆದಳು.