ಅಣ್ಣನ ಹಳೆಯ ರಿಮೋಟು

ಮಾದರಿ ವಿಮಾನ ಹಾರಿಸುವ ಎರಡು ರಿಮೋಟುಗಳಲ್ಲಿ ಒಂದನ್ನು ಆರಿಸಲು ನಾನು ಮೂರು ತಿಂಗಳು ತೆಗೆದುಕೊಂಡೆ. ಮದುವೆಗೆ ಹೆಣ್ಣು ಒಪ್ಪಲೂ ಇಷ್ಟು ದಿನ ಹಿಡಿದಿರಲಿಲ್ಲ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ; ಫೋನಿನಲ್ಲಿ ಅಂಗಡಿಯವನ ಮೇಲೆ ಎಷ್ಟು ಸಲ ಹರಿಹಾಯ್ದೆನೋ ಲೆಕ್ಕವಿಲ್ಲ.

ಭಾಗ್ಯನಗರದ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಣ್ಣನದು ಲೇಥ್ ಕೆಲಸ. ನಾನು ಪಕ್ಕದ ಕೊಪ್ಪಳದಲ್ಲಿ ಸರ್ಕಾರಿ ಗುಮಾಸ್ತ. ಇಬ್ಬರಿಗೂ ವಿಮಾನದ ಹುಚ್ಚು. ಸಣ್ಣ ಮಾದರಿಗಳನ್ನು ಹಾರಿಸುತ್ತ ಹಾರಿಸುತ್ತ, ಸೀಮೆಎಣ್ಣೆ ಕುಡಿಯುವ ನಿಜವಾದ ಜೆಟ್ ಇಂಜಿನ್ನಿನ ಆಳುದ್ದದ ವಿಮಾನವೊಂದನ್ನು ನಾಲ್ಕು ವರ್ಷ ಕೂತು ಕಟ್ಟಿದೆವು. ಹಾರಿಸುವವನು ಯಾವಾಗಲೂ ಅಣ್ಣ. ಪಕ್ಕದಲ್ಲಿ ನಿಂತು ಎತ್ತರ, ದಿಕ್ಕು ಕೂಗಿ ಹೇಳುವವನು ನಾನು. ಜೆಟ್ ಮುಗಿಯುವ ಹೊತ್ತಿಗೆ ಅಣ್ಣನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು.

ಅಂಗಡಿಯವನು ಹೇಳಿದ ಒಂದು ರಿಮೋಟು, ಅಣ್ಣ ಸಣ್ಣ ವಿಮಾನ ಹಾರಿಸುತ್ತಿದ್ದ ಹಳೆಯ ರಿಮೋಟಿನ ಜೊತೆ ಕೂಡುತ್ತಿತ್ತು. ಇಂಜಿನ್ನಿನ ವೇಗ ನನ್ನ ಕೈಯಲ್ಲಿಟ್ಟುಕೊಂಡು ಸ್ವಿಚ್ ಒತ್ತಿದರೆ, ತಿರುಗಿಸುವ ಕೆಲಸ ಅವನ ಎಡಗೈಗೆ ಹೋಗುತ್ತಿತ್ತು. ಆದರೆ ರಿಮೋಟಿನ ಮಾತು ಹಿಡಿಯುವ ರಿಸೀವರ್ ವಿಮಾನದೊಳಗೆ ಅದಕ್ಕೆ ಒಂದೇ. ಇನ್ನೊಂದು ರಿಮೋಟಿಗೆ ಎರಡು ರಿಸೀವರ್, ಎರಡು ಬ್ಯಾಟರಿ. ಒಂದು ಕೈಕೊಟ್ಟರೆ ಮತ್ತೊಂದು ಹಿಡಿಯುತ್ತದೆ. ಅದು ಮಾತ್ರ ಹಳೆಯದರ ಜೊತೆ ಕೂಡುವುದಿಲ್ಲ. ಎರಡೂ ಗುಣ ಇರುವಂಥದ್ದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ನನಗೆ ಮೊದಲನೆಯದೇ ಬೇಕಿತ್ತು. ಅಣ್ಣ ಒಂದು ಸಲವಾದರೂ ಆ ಜೆಟ್ ಹಾರಿಸಬೇಕು, ಅಷ್ಟೇ ನನ್ನ ಆಸೆ.

"ಹುಚ್ಚ ಅದಿಯೇನು?" ಅಣ್ಣ ಗದರಿದ. ಮಾತು ಇನ್ನೂ ತೊದಲುತ್ತಿತ್ತು. "ಅಷ್ಟು ದೊಡ್ಡದು ಕೈತಪ್ಪಿದ್ರ ಯಾರ ಮ್ಯಾಲ ಬೀಳತೈತಿ? ಹಾರಸೋ ಬಯಲಾಗ ಕುರಿ ಕಾಯೋರು ಇರ್ತಾರ. ಎರಡು ರಿಸೀವರಿಂದು ತರಸು. ನಂದು ಹಾರಸೋದು ಮುಗೀತು, ತಮ್ಮಾ."

"ಮುಗೀತು ಅಂತ ಅನಬ್ಯಾಡ ನೋಡಣ್ಣಾ!" ಎಂದು ಕೂಗಿಯೇ ಬಿಟ್ಟೆ. ಕೊನೆಗೆ ಅವನು ಹೇಳಿದ್ದನ್ನೇ ತರಿಸಿದೆ.

ಮಹಾನವಮಿಯ ಖಂಡೇಪೂಜೆಗೆ ನಮ್ಮ ಮನೆಯಲ್ಲಿ ದುಡಿಯುವ ಸಾಮಾನನ್ನಷ್ಟೇ ಇಡುವುದು. ಮೂಲೆ ಸೇರಿದ್ದನ್ನು ಇಡುವುದಿಲ್ಲ. ಲೇಥಿನ ಪಾನಾಗಳ ಪಕ್ಕ ಹೊಸ ರಿಮೋಟು ಇಟ್ಟೆ. ವಿಭೂತಿ ಹಚ್ಚುತ್ತಿದ್ದವರು ಅಣ್ಣನ ಹೆಂಡತಿ, ನಮ್ಮ ವೈನಿ. ಈಗ ಲೇಥ್ ನಡೆಸುವುದೂ ಅವರೇ.

"ಇವರದು ಎಲ್ಲೈತ್ರಿ?" ಎಂದರು.

"ಅದು ಇನ್ಯಾತಕ್ಕ ಬರ್ತೈತ್ರಿ ವೈನಿ? ಟ್ರಂಕಿನ್ಯಾಗ ಇಟ್ಟೀನಿ."

ನನ್ನ ನಾಲಿಗೆಗೆ ಬರೆ ಎಳೆಯಬೇಕು. ಅಣ್ಣ ಬಾಗಿಲಲ್ಲೇ ನಿಂತಿದ್ದ. ಕಾಲೆಳೆಯುತ್ತ ಒಳಗೆ ಹೋಗಿ, ಹಳೆಯ ರಿಮೋಟನ್ನು ಎಡಗೈಯಲ್ಲಿ ಎದೆಗವಚಿ ತಂದು ಹೊಸದರ ಪಕ್ಕ ಇಟ್ಟ. ವೈನಿ ಎರಡಕ್ಕೂ ವಿಭೂತಿ ಹಚ್ಚಿದರು. ನನಗೆ ತಲೆ ಎತ್ತಲಾಗಲಿಲ್ಲ.

ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಅಳವಂಡಿ ದಾರಿಗೆ ಹೋದೆವು. ಅಲ್ಲೊಂದು ಲೇಔಟಿಗೆ ಡಾಂಬರು ರಸ್ತೆ ಹಾಕಿ ಹಾಗೇ ಬಿಟ್ಟಿದ್ದಾರೆ, ಮನೆಗಳಿಲ್ಲ, ಜಾಲಿಗಿಡಗಳಷ್ಟೇ. ಈ ಸಲ ಹಾರಿಸುವವನು ನಾನು, ಕೂಗುವವನು ಅಣ್ಣ.

ಜೆಟ್ ಎದ್ದಿತು. ಅಬ್ಬಾ, ಆ ಸದ್ದು! "ಮ್ಯಾಲ ತಗೋ... ಎಡಕ್ಕ ಹೊಳ್ಳಸು... ಸಾವಕಾಶ, ಸಾವಕಾಶ" ಎಂದು ಕಿವಿಯ ಹತ್ತಿರ ಅಣ್ಣನ ದನಿ. ವಿಮಾನದಿಂದ ಕಣ್ಣು ಕೀಳುವಂತಿರಲಿಲ್ಲ. ಇಳಿಸಿ, ಇಂಜಿನ್ ನಿಲ್ಲಿಸಿದ ಮೇಲೆಯೇ ಪಕ್ಕಕ್ಕೆ ತಿರುಗಿದೆ.

ಅಣ್ಣನ ಕೊರಳಲ್ಲಿ ಹಳೆಯ ರಿಮೋಟು ತೂಗುತ್ತಿತ್ತು. ಅದರಲ್ಲಿ ಬ್ಯಾಟರಿಯೇ ಇರಲಿಲ್ಲ. ಎಡ ಹೆಬ್ಬೆರಳು ವಿಮಾನ ಹೊರಳಿಸುವ ಕಡ್ಡಿಯನ್ನು ಮೆಲ್ಲಗೆ ಒತ್ತುತ್ತಿತ್ತು. ಕಣ್ಣು ಖಾಲಿ ಆಕಾಶದಲ್ಲಿತ್ತು.

"ಅಣ್ಣಾ, ಇಳೀತು" ಎಂದೆ.

"ತಡಿ ತಮ್ಮಾ. ನಂದಿನ್ನೂ ಒಂದು ಸುತ್ತು ಐತಿ."

ನಾನು ಹೊಸ ರಿಮೋಟನ್ನು ಕೆಳಗಿಟ್ಟೆ. ಅವನ ಪಕ್ಕಕ್ಕೆ ಹೋಗಿ ನಿಂತು ಎತ್ತರ ಕೂಗತೊಡಗಿದೆ.