ಊಟಕ್ಕೆ ಮುಂಚೆ ಜಿನ್

ಹೋದ ಭಾನುವಾರ ಮಧ್ಯಾಹ್ನ ಬೆಟಗೇರಿಯಲ್ಲಿ ಗೃಹಿಣಿಯೊಬ್ಬರು ಗಂಡನಿಗೆ ಕೈಯಾರೆ ಜಿನ್ ಕೊಡುವುದನ್ನು ಕಂಡೆ. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಆರು ಸಲ ಅಳೆದರು. ಟಾನಿಕ್ ನೀರು ಸುರಿದರು. ನಿಂಬೆಹಣ್ಣು ಹಿಂಡಿದರು. ಊಟಕ್ಕೆ ಸರಿಯಾಗಿ ಕಾಲು ಗಂಟೆ ಮುಂಚೆ.

ಗಂಡ ನನ್ನ ಶಾಲಾ ಗೆಳೆಯ ಈರಣ್ಣ. ಸೀರೆ ಅಂಗಡಿ ಇಟ್ಟುಕೊಂಡವನು. ಎರಡು ವರ್ಷದ ಹಿಂದೆ ಅವನ ಕಣ್ಣು ಹಳದಿಯಾಗಿತ್ತು. ಇನ್ನು ಕುಡಿದರೆ ಲಿವರ್ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಆಗ ಅವನನ್ನು ಶಿರಹಟ್ಟಿಯ ಮಠಕ್ಕೆ ಕರೆದೊಯ್ದು, ಗದ್ದಿಗೆ ಮುಟ್ಟಿಸಿ, ಇನ್ನು ಸೆರೆ ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದ್ದು ಇದೇ ಹೆಂಡತಿ, ಶಾಂತಾ ವೈನಿ.

“ವೈನಿ, ಇದೇನ್ರಿ?” ಎಂದೆ.

“ಔಷಧರಿ ಅಣ್ಣಾರ. ನೀವ ಬರದೀರಲ್ರಿ ಪೇಪರಿನ್ಯಾಗ?”

ಹೌದು, ಬರೆದಿದ್ದೆ. ಇದೇ ಅಂಕಣದಲ್ಲಿ, ಮನೆಯಲ್ಲೇ ಮಾಡುವ ಕಾಕ್‌ಟೇಲ್‌ಗಳ ಬಗ್ಗೆ. ರಮ್, ನಿಂಬೆ, ಸಕ್ಕರೆಯ ಡೈಕಿರಿ ಬಂದದ್ದು ಕ್ಯೂಬಾದ ಗಣಿಗಳ ಕಡೆಯಿಂದ. ಜಿನ್-ಟಾನಿಕ್ ಬೆಳೆದದ್ದು ನಮ್ಮ ದೇಶದಲ್ಲೇ. ಮಲೇರಿಯಾಕ್ಕೆ ಹೆದರಿದ ಬ್ರಿಟಿಷರು ಕ್ವಿನೈನ್ ಕಹಿ ತಡೆಯಲಾರದೆ ಅದಕ್ಕೆ ಜಿನ್ ಬೆರೆಸಿದರು. ಎಲ್ಲವನ್ನೂ ಚೆಕ್ ಮಾಡಿಯೇ ಬರೆದಿದ್ದೆ. ಔಷಧ ಕ್ವಿನೈನ್, ಜಿನ್ ಅಲ್ಲ. ಈಗಿನ ಟಾನಿಕ್‌ನಲ್ಲಿ ಅದೂ ರುಚಿಗಷ್ಟೇ ಎಂಬ ಪ್ಯಾರಾ ಕೂಡ ಇತ್ತು. ಜಾಗ ಸಾಲಲಿಲ್ಲ. ನಾನೇ ಕತ್ತರಿಸಿದೆ. (ನೀರಸ ಎನಿಸಿತ್ತು.)

ವೈನಿ ಆ ಬರಹವನ್ನು ಎರಡು ಸಲ ಓದಿದ್ದಾರಂತೆ.

“ಊಟದ ಹೊತ್ತಾತಂದ್ರ ಇವರ ಕೈ ನಡಗತಾವ್ರಿ. ಮಲೇರಿಯಾದ ಥಂಡಿ ಅಂತ ಇವರ ಹೇಳಿದ್ರು. ಇದನ್ನ ಕೊಟ್ಟಕೂಡ್ಲೇ ನಿಲ್ತಾವ.”

ನಿಲ್ಲದೇನು?

ಈರಣ್ಣ ಕಣ್ಣು ಮಿಟುಕಿಸಿದ. “ಏನಲೇ ಪತ್ರಕರ್ತಾ, ನಿನಗೂ ಒಂದ್ ಡೋಸ್ ಕೊಡಿಸ್ಲೇನು?”

ಆ ಕಣ್ಣು ಮತ್ತೆ ಹಳದಿಯಾಗಿತ್ತು.

ಹೇಳಬೇಕೆ, ಬೇಡವೆ? ಹೇಳಿಬಿಟ್ಟೆ. ಇದು ಔಷಧವಲ್ಲ, ಇದೂ ಸೆರೆಯೇ, ಕೈ ನಡುಗುವುದು ಕುಡಿತದಿಂದಲೇ ಎಂದೆ.

“ಅಚ್ಚಾದದ್ದು ಖರೆನೋ, ಇವನ ಬಾಯಿಮಾತು ಖರೆನೋ?” ಈರಣ್ಣ ಹೆಂಡತಿಯ ಮೇಲೆ ರೇಗಿದ.

ವೈನಿ ಲೋಟ ಕೆಳಗಿಟ್ಟರು. “ಇಷ್ಟ್ ದಿನ ನನ್ನ ಕೈಲೇ ಕುಡಿಸೀನಲ್ರಿ” ಎಂದರು. ಆಮೇಲೆ ನನ್ನತ್ತ ತಿರುಗಿದರು. “ಬರಿಯೂಮುಂದ ಪೂರಾ ಬರೀಬೇಕಿಲ್ಲೋ ಅಣ್ಣಾರ?”

ಇದನ್ನೂ ಅಚ್ಚು ಮಾಡಿಸುತ್ತೇನೆ ಎಂದಷ್ಟೇ ಹೇಳಿ ಬಂದೆ.

ಬುಧವಾರ ವೈನಿ ಫೋನ್ ಮಾಡಿದರು. ಬಾಟಲಿಯನ್ನು ಅಂದೇ ಮೋರಿಗೆ ಸುರಿದಿದ್ದಾರೆ. ಈರಣ್ಣ ಈಗ ಮನೆಯಲ್ಲಿ ಕುಡಿಯುವುದಿಲ್ಲ. ಅಂಗಡಿಯನ್ನು ಅರ್ಧಕ್ಕೆ ಬಿಟ್ಟು ಮುಂಡರಗಿ ರಸ್ತೆಯ ಬಾರಿನ ಕಡೆ ಹೋಗುತ್ತಾನೆ. ನಿಂಬೆ ಇಲ್ಲ, ಟಾನಿಕ್ ಇಲ್ಲ, ಅಳತೆಯೂ ಇಲ್ಲ.

“ಆಣಿ ಹೆಂಗೂ ಮುರದೈತಿ, ಇನ್ನ ಯಾರ ಅಂಜಿಕಿ ಅಂತಾರ್ರಿ” ಎಂದರು. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಔಷಧವೆಂಬ ಸುಳ್ಳು ನಡೆದಷ್ಟು ದಿನ ಅವನಿಗೆ ಗದ್ದಿಗೆಯ ಭಯವಾದರೂ ಇತ್ತು. ಅದನ್ನೂ ನಾನೇ ತೆಗೆದೆ.

ತಿದ್ದುಪಡಿ: ಜಿನ್ ಔಷಧವಲ್ಲ, ಬೆಟಗೇರಿಯ ಒಂದು ಮನೆಗೆ ಈ ಸುದ್ದಿ ತಡವಾಗಿ ತಲುಪಿದೆ.