ಮನೆಗೊಂದು ಪಾಲು

ನಮ್ಮ ಹಟ್ಟಿಯಲ್ಲಿ ನಾನು ಅನುಕರಿಸದ ಮನುಷ್ಯರಿಲ್ಲ. ಊಟಿ ಬಸ್ಸಿನ ಕಂಡಕ್ಟರ್, ಮದುವೆ ಮನೆಯಲ್ಲಿ ಮೂಗಿನ ದನಿಯಲ್ಲೇ ಉಪಚರಿಸುವ ಅತ್ತೆಯರು, ಎಲ್ಲರೂ ನನ್ನ ಬಾಯಲ್ಲಿದ್ದಾರೆ. ನನ್ನನ್ನೂ ನಾನು ಬಿಟ್ಟಿಲ್ಲ. ಪ್ರತಿ ಸಲ ಪರೀಕ್ಷೆ ಬರೆದು ಬಂದು "ಈ ಸಲ ಪೇಪರ್ ಈಸಿ" ಎನ್ನುವವನ ಮುಖ ಹೇಗಿರುತ್ತದೆಂದು ಕೇಳಿದವರಿಗೆಲ್ಲ ಮಾಡಿ ತೋರಿಸುತ್ತೇನೆ. ಹೀಗಿದ್ದೂ ಹಟ್ಟಿಯಲ್ಲಿ ನನಗೆ ಕಂಪ್ಯೂಟರ್ ಗೊತ್ತಿರುವವನು ಎಂಬ ಹೆಸರಿತ್ತು. ಆ ಹೆಸರು ಹೋದ ಕತೆ ಇದು.

ಹಟ್ಟಿಯ ಕೆಳಗೆ, ಕಿತ್ತ ಟೀ ಎಲೆಯನ್ನು ಎಲ್ಲರೂ ತಂದು ತೂಕ ಹಾಕಿಸುವ ಲೀಫ್ ಶೆಡ್ಡಿನಲ್ಲಿ ಒಂದು ಕಂಪ್ಯೂಟರ್ ಇದೆ. ಅದರ ಉಸ್ತುವಾರಿ ನನ್ನ ಚಿಕ್ಕಪ್ಪನದು. ನಮ್ಮ ಮಾತಿನಲ್ಲಿ ಕುನ್ನಪ್ಪ. ಊಟಿ ಹತ್ತಿರದ ವೆಲ್ಲಿಂಗ್ಟನ್ ಸೇನಾ ನೆಲೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸೈನಿಕರಲ್ಲ, ಆದರೆ ಮೌಸಿನ ಮುಂದೆಯೂ ಅಟೆನ್ಶನ್‌ನಲ್ಲಿ ಕೂರುತ್ತಾರೆ.

ಆ ಕಂಪ್ಯೂಟರಿನಲ್ಲಿ ತಾತನ ದನಿ ಹಿಡಿದಿಡಬೇಕು ಎಂದು ಹೊರಟವರು ಅವರೇ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಹಿರಿಯರೊಬ್ಬರು ಹೆಣದ ತಲೆಯ ಕಡೆ ನಿಂತು, ಸತ್ತವರೂ ಅವರ ಹಿಂದಿನವರೂ ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಒಂದೊಂದು ಮುಗಿದಾಗಲೂ ಸೇರಿದವರೆಲ್ಲ "ಪಾಪ" ಎನ್ನಬೇಕು. ಹಾಗೆ ಹೇಳಿ ಮುಗಿಸಿದರೆ ಹೋಗುವವರ ಹೊರೆ ಇಳಿಯುತ್ತದೆ. ಈಗ ಹೆಚ್ಚಿನವರು ಚಿಕ್ಕದಾಗಿ ಹೇಳಿ ಮುಗಿಸುತ್ತಾರೆ. ನಮ್ಮ ಹಟ್ಟಿಯ ಉದ್ದದ ಸಾಲುಗಳು ತಾತನೊಬ್ಬನಿಗೇ ಗೊತ್ತಿದ್ದವು. ತಾತನ ಗಂಟಲು ಆಗಲೇ ಒಡೆಯತೊಡಗಿತ್ತು.

ತಾತನನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಸಾವಿಲ್ಲದೆ ಆ ಮಾತು ಆಡಬಾರದು, ಮನೆಯೊಳಗಂತೂ ಕೂಡದು ಎಂದ. ಹಟ್ಟಿಯ ಹೊರಗಿನ ಶೆಡ್ಡಾದರೆ ಆಗಬಹುದು ಎಂದು ಕೊನೆಗೆ ಬಂದ. ಬಂದ ಮೇಲೆ ಇನ್ನೊಂದು ತೊಡಕು. ಅವನಿಗೆ ಒಂಟಿಯಾಗಿ ಹೇಳಲು ಬಾರದು. ಜನ "ಪಾಪ" ಎಂದರೇನೇ ಮುಂದಿನ ಸಾಲು ನಾಲಿಗೆಗೆ ಬರುವುದು. ನಡುವೆ ನಿಂತರೆ ಮತ್ತೆ ಮೊದಲಿನಿಂದಲೇ ಶುರು. ಹಾಗಾಗಿ ಎಲೆ ಕೀಳದ ದಿನ ನೋಡಿ ಹತ್ತಾರು ಜನರನ್ನು ಸೇರಿಸಿ, ಕ್ಯಾಮೆರಾ ಸಿಕ್ಕಿಸಿ ಕೂತೆವು. ಸುಮಾರು ಅರ್ಧಕ್ಕೆ ಬಂದಾಗ ತೆರೆಯ ಮೇಲೆ ಡಿಸ್ಕ್ ತುಂಬಿದೆ ಎಂದು ಬಂತು.

ನಾನು ಗತ್ತಿನಿಂದ ಮುಂದೆ ಬಂದೆ. ಹಳೆಯ ಸಿನಿಮಾ, ಮದುವೆ ವಿಡಿಯೊ, ಯಾವುದೋ ಕಾಲದ ಡೌನ್‌ಲೋಡುಗಳು, ಎಲ್ಲ ಅಳಿಸಿ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ. ಕೆಂಪಗಿದ್ದ ಪಟ್ಟಿ ನೀಲಿಯಾಯಿತು. ಎಲ್ಲರಿಗೂ ತೋರಿಸಿ ಮನೆಗೆ ಹೋದೆ. ಮಾರನೆಯ ವಾರ ಮತ್ತೆ ಜನ ಸೇರುವ ಹೊತ್ತಿಗೆ ಪಟ್ಟಿ ಮತ್ತೆ ಕೆಂಪು. ತಾತ ಮೊದಲಿನಿಂದ ಶುರು ಮಾಡಿದ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕಂಪ್ಯೂಟರ್ ಕೈಯೆತ್ತಿತು. ಫೋನಿನಲ್ಲಿ ಹಿಡಿಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹಟ್ಟಿಯ ವಿಷಯ ಹಟ್ಟಿಯ ಮೆಷಿನ್ನಿನಲ್ಲೇ ಇರಬೇಕು ಎಂದರು ಕುನ್ನಪ್ಪ. ಅವರು ಒಪ್ಪಿದ್ದರೂ ನನ್ನ ಫೋನಿನಲ್ಲಿ ಜಾಗವಿರಲಿಲ್ಲ. ಅದರ ತುಂಬ ನಾನೇ ಇದ್ದೆ.

ಅಲ್ಲಿಂದ ನನ್ನ ಗತ್ತು ಇಳಿಯಿತು. ವೈರಸ್ ಎಂದೆ, ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ. ಅಪ್‌ಡೇಟುಗಳನ್ನು ನಿಲ್ಲಿಸಿದೆ. ಟೆಂಪರರಿ ಫೈಲುಗಳನ್ನು ಗುಡಿಸಿ ಹಾಕಿದೆ. ನಾನು ಗುಡಿಸಿದಷ್ಟೂ ಜಾಗ, ತಳ ತೂತಾದ ಕೊಡದ ನೀರಿನಂತೆ, ದಿನಕ್ಕಿಷ್ಟು ಹೋಗುತ್ತಲೇ ಇತ್ತು. ಯಾರೂ ಮುಟ್ಟದಿದ್ದರೂ ಹೋಗುತ್ತಿತ್ತು. ಅವಮಾನ ಮುಚ್ಚಿಕೊಳ್ಳಲು ಒಂದು ದಿನ ಶೆಡ್ಡಿನಲ್ಲಿ ತಾತನ ಗಂಟಲು ತೆಗೆದು ಕಂಪ್ಯೂಟರಿನ ಪಾಪ ಹೇಳತೊಡಗಿದೆ. ತಿಂದದ್ದನ್ನು ತಿಂದೆ ಎಂದು ಹೇಳದೆ ಹೋದದ್ದು. ಉಂಡ ಮನೆಯಲ್ಲೇ ಹ್ಯಾಂಗ್ ಆದದ್ದು. ಗೆಳೆಯರು ಎಲೆಮೂಟೆಗಳ ಮೇಲೆ ಬಿದ್ದು ನಗುತ್ತ "ಪಾಪ, ಪಾಪ" ಎನ್ನುತ್ತಿದ್ದವರು ಒಮ್ಮೆಲೇ ಎದ್ದು ನಿಂತರು. ತಾತ ಬಾಗಿಲಲ್ಲಿ ನಿಂತಿದ್ದ. ಬೈಯಲಿಲ್ಲ.

"ಗಂಟಲೇನೋ ಎನ್ನದೇ, ಕೂಸೆ," ಎಂದ. "ಮಾತ ಎಲ್ಲಿ ಬಿಟ್ಟು ಬಂದೆ?"

ಅದನ್ನು ಅವನು ಹೇಳಿದ್ದೇ ಪಿಸುದನಿಯಲ್ಲಿ. ಮನೆಯವರು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಮಾತು ಕಡಿಮೆ ಮಾಡಿ ಎಂದರಂತೆ, ಉಳಿದದ್ದನ್ನು ತಾತನಿಗೆ ಹೇಳದೆ ಕುನ್ನಪ್ಪನಿಗೆ ಹೇಳಿದರಂತೆ. ಮರುದಿನ ನಾನು ಕಂಪ್ಯೂಟರಿನ ಪೆಟ್ಟಿಗೆಯನ್ನು ಟೀ ಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊಟಿಗೆ ಹೋದೆ. ರಿಪೇರಿ ಅಂಗಡಿಯವರು ಸಂಜೆಯವರೆಗೂ ಇಟ್ಟುಕೊಂಡು ನೋಡಿದರು.

"ಡಿಸ್ಕ್ ನಲ್ಲಾ ಇರುಕ್ಕು ತಂಬಿ," ಎಂದರು. ಡಿಸ್ಕು ಚೆನ್ನಾಗಿದೆ, ನೀವೇ ಏನೋ ತುಂಬುತ್ತಿದ್ದೀರಿ ಎಂಬುದು ಅವರ ತೀರ್ಪು. ಬಸ್ಸಿನಲ್ಲಿ ವಾಪಸು ಬರುವಾಗ ಅವರ ದನಿಯಲ್ಲೇ ನನ್ನನ್ನು ನಾನು ಬೈದುಕೊಂಡೆ.

ಅಡಗಿಸಿಟ್ಟ ಫೈಲುಗಳನ್ನೂ ತೋರಿಸು ಎಂಬ ಒಂದು ಗುರುತು ಕಂಪ್ಯೂಟರಿನಲ್ಲಿ ಇರುತ್ತದೆ. ಕಲಿತವನು ಮೊದಲು ನೋಡಬೇಕಾದದ್ದು; ನಾನು ಕೊನೆಗೆ ನೋಡಿದೆ. ಮಸುಕು ಬಣ್ಣದ ಒಂದು ಫೋಲ್ಡರ್ ಎದ್ದು ಬಂತು. ಅದರೊಳಗೆ ಮೇಲ್ಮನೆ, ಮೆಟ್ಟಿಲ ಮನೆ, ಬಾವಿಯ ಪಕ್ಕದ ಮನೆ, ಹೀಗೆ ಹಟ್ಟಿಯ ಒಂದೊಂದು ಮನೆಗೂ ಒಂದೊಂದು ಫೋಲ್ಡರ್. ಬೀಗ ಹಾಕಿ ಕೊಯಮತ್ತೂರಿಗೆ ಹೋದವರ ಮನೆಗೂ ಒಂದು. ಎಲ್ಲದರಲ್ಲೂ ತಾತನ ಅದೇ ಅರ್ಧ ಮಾತು, ನಾವು ಕೂತ ಪ್ರತಿ ಸಲದ್ದೂ.

ಇದೆಲ್ಲ ನೀವೇ ಮಾಡಿದ್ದಾ ಎಂದು ಕುನ್ನಪ್ಪನನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಹಟ್ಟಿಗೆ ಬಂದದ್ದ ಒಂದು ಮನೆ ಬಿಟ್ಟು ಹಂಚೋಕೆ ಆಗ್ತದಾ?" ಎಂದರು. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಮೊದಲ ಎಲೆಮೂಟೆ ಬರುವ ಮುಂಚೆ ದಿನಕ್ಕೊಂದು ಮನೆಯ ಪಾಲು ನಕಲು ಮಾಡಿ ಎತ್ತಿಡುತ್ತಿದ್ದರಂತೆ. ಅಡಗಿಸಿಟ್ಟದ್ದೇಕೆಂದರೆ, ಎಲೆ ಹೊತ್ತು ಬರುವವರ ಕಣ್ಣಿಗೆ ಬೆಳಗಾಗೆದ್ದು ಸಾವಿನ ಮಾತು ಬೀಳಬಾರದು. ಅಡಗಿಸುವುದನ್ನು ಕಚೇರಿಯಲ್ಲಿ ಕಲಿತಿದ್ದರು.

ಎಲ್ಲರ ಪಾಲನ್ನೂ ಒಂದೇ ಪಾತ್ರೆಯಲ್ಲಿಟ್ಟರೆ ಪಾತ್ರೆ ಒಡೆದ ದಿನ ಯಾರಿಗೂ ಇಲ್ಲ, ಮುಂದಿನದನ್ನು ಹಾಕಲೂ ಜಾಗವಿಲ್ಲ ಎಂದೆ. ಅವರು ತೆರೆಯನ್ನು ಬಹಳ ಹೊತ್ತು ನೋಡಿದರು. ಕುನ್ನಪ್ಪನನ್ನು ಅನುಕರಿಸುವಾಗ ನಾನು ಆ ನೋಟವನ್ನು ಮಾಡುವುದಿಲ್ಲ.

"ಎನ್ನ ಕೈಲಿ ಅಳಿಸೋಕೆ ಆಗಲ್ಲ. ನೀನೇ ಮಾಡು," ಎಂದು ಹೊರಗೆ ಹೋಗಿ ತಕ್ಕಡಿಯ ಪಕ್ಕ ನಿಂತರು. ಒಂದೇ ಒಂದನ್ನು ಉಳಿಸಿ ಉಳಿದದ್ದನ್ನೆಲ್ಲ ಅಳಿಸಿದೆ. ಡಿಸ್ಕಿನ ತುಂಬ ಜಾಗ.

ಅಷ್ಟು ಹೊತ್ತಿಗೆ ತಾತನ ದನಿ ಪೂರ್ತಿ ಹೋಗಿತ್ತು. ಬಾಯಿ ತೆರೆದರೆ ಬರೀ ಗಾಳಿ. ಆದರೂ ಜನರನ್ನು ಕರೆಯಿರಿ ಎಂದು ಸನ್ನೆ ಮಾಡಿದ. ಶೆಡ್ಡಿನಲ್ಲಿ ಕ್ಯಾಮೆರಾ ಶುರು ಮಾಡಿ ಎಲ್ಲರೂ ಕೂತ ಮೇಲೆ ನನ್ನ ಕಡೆ ಬೆರಳು ತೋರಿಸಿ, ಆಮೇಲೆ ತನ್ನ ಗಂಟಲು ಮುಟ್ಟಿಕೊಂಡ. ಅರ್ಥವಾಗದಿರಲು ನಾನೇನು ಕಲ್ಲೇ. ಉಳಿದಿದ್ದ ರೆಕಾರ್ಡನ್ನು ಅದಕ್ಕೆ ಮುಂಚೆ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ತಾತನ ಹಾಗೆ ಎರಡು ಸಲ ಕೆಮ್ಮಿ ಶುರು ಮಾಡಿದೆ. ಯಾರೂ ನಗಲಿಲ್ಲ. ಒಂದೊಂದು ಸಾಲಿಗೂ "ಪಾಪ" ಎಂದರು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾರನ್ನೂ ಅನುಕರಿಸಿರಲಿಲ್ಲ.

ಡಿಸ್ಕು ತುಂಬುತ್ತಿದ್ದ ಜಾಗ ಬಂತು. ಜನ "ಪಾಪ" ಎಂದರು. ಮುಂದೆ ನನ್ನಲ್ಲಿ ಏನೂ ಇರಲಿಲ್ಲ.

ತಾತನ ತುಟಿ ನೋಡಿದೆ. ಅಲುಗುತ್ತಿತ್ತು. ಊಹಿಸಿ ಒಂದು ಸಾಲು ಹೇಳಿದೆ, ತಲೆ ಅಲ್ಲಾಡಿಸಿದ. ಇನ್ನೊಂದು ಹೇಳಿದೆ, ಮತ್ತೆ ತಲೆ ಅಲ್ಲಾಡಿಸಿದ. ಕೇಳಿದ್ದನ್ನಾದರೆ ಯಾರ ದನಿಯಲ್ಲಾದರೂ ಹೇಳುತ್ತೇನೆ. ಇದನ್ನು ನಾನು ಕಿವಿಗೊಟ್ಟು ಕೇಳಿಯೇ ಇರಲಿಲ್ಲ. ಪ್ರತಿ ಸಾವಿನಲ್ಲೂ ಅಲ್ಲೇ ನಿಂತು, ಮುಂದೆ ಯಾರನ್ನು ಅಣಕಿಸಲಿ ಎಂದು ಮುಖಗಳನ್ನು ಹುಡುಕುತ್ತಿದ್ದವನು ನಾನು.

ಊಹಿಸುವುದನ್ನು ಬಿಟ್ಟೆ. ತಾತನ ತುಟಿ ಒಂದು ಸಾಲಿನಷ್ಟು ಅಲುಗಿ ನಿಂತಿತು. ಆಗ ಹಿಂದಿನಿಂದ ಕುನ್ನಪ್ಪ ಒಬ್ಬರೇ, ಮೆಲ್ಲಗೆ, "ಪಾಪ" ಎಂದರು. ತಾತನ ತುಟಿ ಮತ್ತೆ ಶುರುವಾಯಿತು. ನಿಂತಿತು. ಈ ಸಲ ಎಲ್ಲರೂ ಹೇಳಿದೆವು. ಹೀಗೆ ಅವನು ಕೊನೆಯವರೆಗೂ ಹೋದ. ಯಾವ ಪಾಪ ಎಂದು ನಮಗೆ ಗೊತ್ತಿರಲಿಲ್ಲ. ಒಂದನ್ನೂ ಬಿಡದೆ ಒಪ್ಪಿಕೊಂಡೆವು.

ರೆಕಾರ್ಡಿಂಗ್ ಎಲ್ಲೂ ನಿಲ್ಲಲಿಲ್ಲ. ಅರ್ಧ ನನ್ನ ಗಂಟಲು, ಇನ್ನರ್ಧ ತಗಡಿನ ಮೇಲಿನ ಗಾಳಿಯ ಸದ್ದು, ನಡುನಡುವೆ ನಮ್ಮ "ಪಾಪ".

ಮೊನ್ನೆ ನೋಡಿದೆ, ಡಿಸ್ಕಿನಲ್ಲಿ ಜಾಗ ಮತ್ತೆ ಕಡಿಮೆಯಾಗತೊಡಗಿದೆ, ದಿನಕ್ಕಿಷ್ಟು. ಊದುಬತ್ತಿಯ ಬೂದಿ ಕೀಬೋರ್ಡಿನ ಮೇಲೆ ಬಿದ್ದಿತ್ತು. ಒರೆಸಿ ಬಂದೆ.